ಏಳನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು?

ನನ್ನ ಮೇಜಿನ ಮೇಲೆ ಈಗ ನಾಲ್ಕು ಯಂತ್ರಗಳು ಸಾಲಾಗಿ ಕೂತಿವೆ. ಒಂದು ಹಳೆಯ ಇಂಟೆಲ್ ಮಿನಿ ಪಿಸಿ. ಒಂದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್. ಸಹೋದ್ಯೋಗಿಯೊಬ್ಬರಿಂದ ಎರವಲು ತಂದ ಎಂ1 ಮ್ಯಾಕ್‌ಬುಕ್. ಕೊನೆಯದು ವಿಷನ್‌ಫೈವ್ 2 ಅನ್ನುವ ರಿಸ್ಕ್-ಫೈವ್ ಬೋರ್ಡು. ಪೈ ಮತ್ತು ಮ್ಯಾಕ್ ಒಳಗಿರುವುದು ಆರ್ಮ್ ಜಾತಿಯ ಪ್ರೊಸೆಸರ್. ಇಂಟೆಲ್, ಆರ್ಮ್, ರಿಸ್ಕ್-ಫೈವ್ ಮೂರರ ಭಾಷೆಯೂ ಬೇರೆ ಬೇರೆ. ನಾಲ್ಕಕ್ಕೂ ಒಂದೇ ಪ್ರಶ್ನೆ ಕೇಳಿ: ಏಳನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು? ಇಂಟೆಲ್ ನಿಮ್ಮ ಪ್ರೋಗ್ರಾಮನ್ನೇ ಕೊಂದುಹಾಕುತ್ತದೆ. ಪೈ ಮತ್ತು ಮ್ಯಾಕ್ ಏನೂ ಆಗದವರ ಹಾಗೆ ಸೊನ್ನೆ ಅನ್ನುತ್ತವೆ. ರಿಸ್ಕ್-ಫೈವ್ ಮೈನಸ್ ಒಂದು ಅನ್ನುತ್ತದೆ. ಯಾವುದೂ ಕೆಟ್ಟಿಲ್ಲ. ನಾಲ್ಕೂ ತಂತಮ್ಮ ಕೈಪಿಡಿಯಲ್ಲಿ ಬರೆದಿರುವ ಹಾಗೇ ನಡೆದುಕೊಳ್ಳುತ್ತಿವೆ.

ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅದೂ ಒಂದು ನೀರಿನ ಪಂಪಿನ ಕಾರಣಕ್ಕೆ.

ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಆಫೀಸು. ಪಂಪ್‌ಹೌಸ್‌ಗಳಲ್ಲಿ ನಮ್ಮದೊಂದು ಪೆಟ್ಟಿಗೆ ಇಡುತ್ತೇವೆ. ಅದು ಮಾಡ್‌ಬಸ್ (ಕಾರ್ಖಾನೆಯ ಯಂತ್ರಗಳು ಮಾತಾಡಿಕೊಳ್ಳುವ ಒಂದು ರೀತಿ) ಮೂಲಕ ಮೀಟರ್‌ಗಳನ್ನು ಓದುತ್ತದೆ. ಎಷ್ಟು ನೀರು ಹೋಯಿತು, ಎಷ್ಟು ಕರೆಂಟು ತಿಂದಿತು, ಒತ್ತಡ ಎಷ್ಟಿದೆ, ಇಂಥವು. ಆಮೇಲೆ ಅಲ್ಲಿನ ಎಂಜಿನಿಯರ್‌ಗಳು ತಮಗೆ ಬೇಕಾದ ಫಾರ್ಮುಲಾ ಬರೆದುಕೊಳ್ಳುತ್ತಾರೆ. ಹರಿವನ್ನು ವಿದ್ಯುತ್ತಿನಿಂದ ಭಾಗಿಸು, ಮೂರು ಪಂಪ್‌ಗಳಲ್ಲಿ ಕಡಿಮೆ ಒತ್ತಡದ್ದನ್ನು ಆರಿಸು, ಹೀಗೆ. ಒಂದೊಂದು ಊರಿಗೆ ಒಂದೊಂದು ಫಾರ್ಮುಲಾ.

ಮೊದಲು ಅದನ್ನೆಲ್ಲ ಒಂದು ಇಂಟರ್‌ಪ್ರಿಟರ್, ಅಂದರೆ ಫಾರ್ಮುಲಾವನ್ನು ಪ್ರತಿ ಸಲವೂ ಹಂತಹಂತವಾಗಿ ಓದುವ ಪ್ರೋಗ್ರಾಮು, ಲೆಕ್ಕ ಹಾಕುತ್ತಿತ್ತು. ದಿನನಿತ್ಯಕ್ಕೆ ಅದೇ ಸಾಕು. ಆದರೆ ಯಾರೋ ಫಾರ್ಮುಲಾ ತಿದ್ದಿ, ಹಿಂದಿನ ಮೂರು ತಿಂಗಳ ಡೇಟಾಗೆ ಮತ್ತೆ ಲೆಕ್ಕ ಹಾಕು ಅಂದರೆ ಕಥೆ ಮುಗೀತು. ಕಾಫಿ ಕುಡಿದು, ತಿಂಡಿ ತಿಂದು ಬಂದರೂ ಇನ್ನೂ ಓಡುತ್ತಲೇ ಇರುತ್ತಿತ್ತು. ಹಾಗಾಗಿ 2021ರಲ್ಲಿ ನಾನೊಂದು ಪುಟ್ಟ ಜಿಟ್ ಕಂಪೈಲರ್ ಬರೆದೆ. ಫಾರ್ಮುಲಾ ಬಂದ ತಕ್ಷಣ ಅದನ್ನು ನೇರವಾಗಿ ಪ್ರೊಸೆಸರ್‌ನ ಭಾಷೆಗೆ ತಿರುಗಿಸಿ ಓಡಿಸುವುದು. ಅದು ಇಂಟೆಲ್‌ಗೆ ಮಾತ್ರ, ಅಂದರೆ ಎಕ್ಸ್86-64ಕ್ಕೆ. ಆಗ ನಮ್ಮ ಎಲ್ಲ ಪೆಟ್ಟಿಗೆಯಲ್ಲೂ ಇದ್ದದ್ದು ಅದೇ.

ಜಿಟ್ ಅಂದರೆ ಏನೋ ಮಾಯಾಮಂತ್ರ ಅಂದುಕೊಳ್ಳುವವರಿಗೆ ಒಂದು ಮಾತು. ಆಪರೇಟಿಂಗ್ ಸಿಸ್ಟಮ್ ಹತ್ತಿರ ಒಂದು ತುಂಡು ಮೆಮೊರಿ ಕೇಳುತ್ತೀರಿ. ಅದರಲ್ಲಿ ಬೈಟ್‌ಗಳನ್ನು ಬರೆಯುತ್ತೀರಿ. 'ಇನ್ನು ಇದು ಡೇಟಾ ಅಲ್ಲ, ಓಡಿಸಬಹುದಾದ ಕೋಡು' ಅಂತ ಹೇಳುತ್ತೀರಿ. ಆಮೇಲೆ ಆ ವಿಳಾಸವನ್ನು ಒಂದು ಫಂಕ್ಷನ್ ಅಂತ ಕರೆಯುತ್ತೀರಿ. ಅಷ್ಟೇ. 42 ಅನ್ನು ಹಿಂದಿರುಗಿಸುವ ಫಂಕ್ಷನ್ ಇಂಟೆಲ್‌ನಲ್ಲಿ ಆರು ಬೈಟು: ಬಿ8, 2ಎ, ಮೂರು ಸೊನ್ನೆ, ಕೊನೆಗೆ ಸಿ3. 2ಎ ಅಂದರೆ ಹದಿನಾರರ ಲೆಕ್ಕದಲ್ಲಿ 42, ಸಿ3 ಅಂದರೆ 'ವಾಪಸ್ ಹೋಗು'. ಆರ್ಮ್64ನಲ್ಲಿ, ಅಂದರೆ 64 ಬಿಟ್ಟಿನ ಆರ್ಮ್‌ನಲ್ಲಿ, ಅದೇ ಕೆಲಸಕ್ಕೆ ಎಂಟು ಬೈಟು: 52800540, ಆಮೇಲೆ ಡಿ65ಎಫ್03ಸಿ0. ಇಂಟೆಲ್‌ನಲ್ಲಿ ಒಂದು ಇನ್‌ಸ್ಟ್ರಕ್ಷನ್, ಅಂದರೆ ಪ್ರೊಸೆಸರ್‌ಗೆ ಕೊಡುವ ಒಂದು ಆಜ್ಞೆ, 1 ಬೈಟಿನಿಂದ 15 ಬೈಟಿನವರೆಗೆ ಎಷ್ಟಾದರೂ ಇರಬಹುದು. ಆರ್ಮ್64ನಲ್ಲಿ ಎಲ್ಲವೂ ನೆಟ್ಟಗೆ 4 ಬೈಟು.

ಈ ಎರಡು ಸಾಲು ನೋಡಿಯೇ ನಾನು ಮೋಸಹೋದದ್ದು.

ಪಂಪ್‌ಹೌಸ್‌ಗಳಲ್ಲಿ ತಗಡಿನ ಛಾವಣಿ. ಬೇಸಿಗೆಯಲ್ಲಿ ಒಳಗೆ ಕಾಲಿಡಲು ಆಗುವುದಿಲ್ಲ. ಮಿನಿ ಪಿಸಿಗಳ ಫ್ಯಾನಿಗೆ ದೂಳು ಮೆತ್ತಿಕೊಂಡು ಒಂದೊಂದಾಗಿ ನಿಲ್ಲತೊಡಗಿದವು. ಫ್ಯಾನ್ ಇಲ್ಲದ, ಕಡಿಮೆ ಕರೆಂಟು ತಿನ್ನುವ ಆರ್ಮ್ ಬೋರ್ಡಿಗೆ ಹೋಗೋಣ ಅಂತ ತೀರ್ಮಾನವಾಯಿತು. 'ಜಿಟ್ ಬದಲಾಯಿಸೋಕೆ ಎಷ್ಟು ದಿನ ಬೇಕಮ್ಮ?' ಅಂತ ನಮ್ಮ ಮ್ಯಾನೇಜರ್ ಕೇಳಿದರು. 'ಎರಡು ವಾರ ಸಾಕು ಸರ್' ಅಂದೆ. ಇಂಟೆಲ್‌ನ ಬೈಟ್ ಬರೆಯುವ ಕಡೆ ಆರ್ಮ್‌ನ ಬೈಟ್ ಬರೆದರಾಯಿತು, ಅಲ್ವಾ? ಕೂಡುವುದಕ್ಕೆ ಕೂಡುವುದು, ಗುಣಿಸುವುದಕ್ಕೆ ಗುಣಿಸುವುದು.

ಮೂರೂವರೆ ತಿಂಗಳು ಹಿಡಿಯಿತು.

ರೆಡಿಮೇಡ್ ಯಾಕೆ ಬಳಸಲಿಲ್ಲ ಅಂತ ಕೇಳುವವರಿದ್ದೀರಿ, ಗೊತ್ತು. ಎಲ್‌ಎಲ್‌ವಿಎಂ ಅನ್ನುವ ದೊಡ್ಡ ಕಂಪೈಲರ್ ಸಲಕರಣೆ ನಮ್ಮ ಪೆಟ್ಟಿಗೆಗೆ ಭಾರ. ಎರಡು ಸಾಲಿನ ಫಾರ್ಮುಲಾಗೆ ಅದನ್ನು ಎಬ್ಬಿಸುವುದು ಸೊಳ್ಳೆ ಹೊಡೆಯಲು ಜೆಸಿಬಿ ತಂದ ಹಾಗೆ. ಎಸ್‌ಎಲ್‌ಜಿಟ್ ಅನ್ನುವ ಸಣ್ಣ ಲೈಬ್ರರಿ ಇದೆ. ಪಠ್ಯದಲ್ಲಿ ಮಾದರಿ ಹುಡುಕುವ ಪಿಸಿಆರ್‌ಇ2 ಒಳಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಓಡಿಸುವುದು ಅದೇ. ಗ್ನೂ ಲೈಟ್ನಿಂಗ್ ಇದೆ, ಆಸ್ಮ್‌ಜಿಟ್ ಇದೆ. ಮೈಕ್ ಪಾಲ್ ಲುವಾಜಿಟ್‌ಗಾಗಿ ಮಾಡಿದ ಡೈನ್ಆಸ್ಮ್ ಇದೆ. ಇವತ್ತು ಹೊಸದಾಗಿ ಶುರು ಮಾಡುವುದಾದರೆ ನಾನು ಎಸ್‌ಎಲ್‌ಜಿಟ್ ಬಳಸುತ್ತಿದ್ದೆ, ಸುಮ್ನೆ ಸುಳ್ಳು ಯಾಕೆ ಹೇಳಲಿ. ಇಲ್ಲವೇ ಪೈಥಾನ್ ಭಾಷೆಯನ್ನು ಓಡಿಸುವ ಸಿಪೈಥಾನ್ 3.13ರಲ್ಲಿ ಬಂದ ಹಾದಿ ಹಿಡಿಯುತ್ತಿದ್ದೆ. ಅಲ್ಲಿ ಪ್ರತಿ ಕೆಲಸಕ್ಕೂ ಒಂದು ಸಣ್ಣ ಸಿ ಫಂಕ್ಷನ್ ಬರೆದು, ಬಿಲ್ಡ್ ಮಾಡುವಾಗಲೇ ಕ್ಲ್ಯಾಂಗ್ ಅನ್ನುವ ಸಿ ಕಂಪೈಲರ್ ಹತ್ತಿರ ಅದರ ಬೈಟ್‌ಗಳನ್ನು ತಯಾರಿಸಿಕೊಂಡು ಇಟ್ಟಿರುತ್ತಾರೆ. ಓಡುವಾಗ ಆ ತುಂಡುಗಳನ್ನು ನಕಲು ಮಾಡಿ, ಬಿಟ್ಟ ಸ್ಥಳ ತುಂಬುವುದಷ್ಟೇ ಕೆಲಸ. ಹೊಸ ಪ್ರೊಸೆಸರ್ ಬಂದರೆ ಹೆಚ್ಚಿನ ತಲೆನೋವು ಕ್ಲ್ಯಾಂಗಿನದು. ಆದರೆ ನನ್ನ ಕೈಯಲ್ಲಿ ಆಗಲೇ ಓಡುತ್ತಿದ್ದ ಜಿಟ್ ಇತ್ತು. ಸ್ವಲ್ಪ ಹಟವೂ ಇತ್ತು.

ಮೊದಲ ಪೆಟ್ಟು ಬಿದ್ದದ್ದು ನಾನು ಬಹಳ ಹೆಮ್ಮೆಪಟ್ಟಿದ್ದ ಜಾಗಕ್ಕೆ. ಫಾರ್ಮುಲಾ ಮತ್ತು ಬೈಟ್‌ಗಳ ನಡುವೆ ನನ್ನದೊಂದು ಮಧ್ಯದ ರೂಪ ಇತ್ತು. ಐಆರ್ ಅನ್ನುತ್ತೇವೆ. 'ಇದಕ್ಕೂ ಪ್ರೊಸೆಸರ್‌ಗೂ ಸಂಬಂಧವೇ ಇಲ್ಲ' ಅಂತ ಅದರ ಮೇಲೆ ಒಂದು ಕಾಮೆಂಟ್ ಕೂಡ ಬರೆದಿದ್ದೆ. ತೆರೆದು ನೋಡಿದರೆ ಪ್ರತಿ ಸಾಲಿನಲ್ಲೂ ಇಂಟೆಲ್ ಕಾಲು ಚಾಚಿ ಮಲಗಿತ್ತು. ಇಂಟೆಲ್‌ನಲ್ಲಿ ಎರಡು ಸಂಖ್ಯೆ ಕೂಡಿದರೆ ಉತ್ತರ ಮೊದಲನೆಯದರ ಮೇಲೇ ಬಂದು ಕೂರುತ್ತದೆ. ಹಾಗಾಗಿ ನನ್ನ ಐಆರ್‌ನಲ್ಲೂ ಕೂಡುವುದಕ್ಕೆ ಎರಡೇ ಜಾಗ. ಆರ್ಮ್‌ನಲ್ಲಿ ಮೂರು ಜಾಗ ಇದೆ, ಯಾವುದನ್ನೂ ಅಳಿಸಬೇಕಿಲ್ಲ. ಆದರೆ ನನ್ನ ಐಆರ್ ಮಾತ್ರ ಅಳಿಸುವ ಮುಂಚೆ ನಕಲು ಮಾಡು, ನಕಲು ಮಾಡು ಅಂತ ಸುಮ್ಮಸುಮ್ಮನೆ ಜಾಸ್ತಿ ಕೆಲಸ ಹುಟ್ಟಿಸುತ್ತಿತ್ತು.

ರಿಜಿಸ್ಟರ್ ಅಂದರೆ ಪ್ರೊಸೆಸರ್ ಒಳಗೇ ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಜಾಗ. ಇಂಟೆಲ್‌ನಲ್ಲಿ ಭಾಗಾಕಾರ ಯಾವಾಗಲೂ ಎರಡು ನಿಗದಿಯಾದ ರಿಜಿಸ್ಟರ್‌ಗಳಲ್ಲೇ ಆಗಬೇಕು. ಬಿಟ್‌ಗಳನ್ನು ಎಷ್ಟು ಸರಿಸಬೇಕು ಅನ್ನುವ ಲೆಕ್ಕ ಇನ್ನೊಂದು ನಿಗದಿಯಾದ ರಿಜಿಸ್ಟರ್‌ನಲ್ಲಿ ಇರಬೇಕು. ಆ ಕಟ್ಟಳೆಯನ್ನು ನಾನು ರಿಜಿಸ್ಟರ್ ಹಂಚುವ ಕೋಡಿನ ಒಳಗೇ ಬರೆದಿದ್ದೆ. ಆರ್ಮ್‌ಗೆ ಅದು ಬೇಡವೇ ಬೇಡ. ಹೋಲಿಸು ಅನ್ನುವುದು ಒಂದು ಹೆಜ್ಜೆ, ಜಿಗಿ (ಫಲ ನೋಡಿ ಕೋಡಿನ ಬೇರೆ ಕಡೆಗೆ ಹೋಗು) ಅನ್ನುವುದು ಇನ್ನೊಂದು ಹೆಜ್ಜೆ ಅಂತ ಬೇರೆ ಬೇರೆ ಇಟ್ಟಿದ್ದೆ. ಇಂಟೆಲ್‌ನಲ್ಲಿ ಹೋಲಿಕೆಯ ಫಲ ಫ್ಲ್ಯಾಗ್ ಅನ್ನುವ ಗುರುತಿನ ಬಿಟ್‌ಗಳಲ್ಲಿ ಉಳಿಯುತ್ತದೆ, ಆರ್ಮ್‌ನಲ್ಲೂ ಉಳಿಯುತ್ತದೆ. ಹಾಗಾಗಿ ಬಚಾವಾದೆ. ಆಮೇಲೆ ರಿಸ್ಕ್-ಫೈವ್‌ಗೆ ಬಂದರೆ ಅಲ್ಲಿ ಫ್ಲ್ಯಾಗ್ ಅನ್ನುವುದೇ ಇಲ್ಲ. ಹೋಲಿಸಿ ಜಿಗಿಯುವುದು ಒಂದೇ ಇನ್‌ಸ್ಟ್ರಕ್ಷನ್.

ಕೊನೆಗೆ ಐಆರ್ ಪೂರ್ತಿ ಕಿತ್ತು ಮತ್ತೆ ಬರೆದೆ. ಮೂರು ಜಾಗ. ಹೋಲಿಸಿ-ಜಿಗಿ ಒಟ್ಟಿಗೆ. ಇಂಟೆಲ್‌ನ ಕಟ್ಟಳೆಗಳೆಲ್ಲ ಇಂಟೆಲ್‌ನ ಫೈಲಿಗೆ. ಆರ್ಮ್‌ನ ಒಂದು ಬೈಟನ್ನೂ ಬರೆಯುವ ಮೊದಲೇ ಒಂದು ತಿಂಗಳು ಹೋಗಿತ್ತು. ವಾರದ ಮೀಟಿಂಗ್‌ನಲ್ಲಿ ತೋರಿಸಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಮುಂಚೆ ಓಡುತ್ತಿದ್ದದ್ದು ಈಗಲೂ ಓಡುತ್ತಿದೆ ಅನ್ನುವುದು ಯಾರಿಗೆ ಖುಷಿ ಕೊಡುತ್ತದೆ ಹೇಳಿ.

ಆಮೇಲೆ ಬಂದದ್ದು ಸಂಖ್ಯೆಗಳ ಕಾಟ. 64 ಬಿಟ್ಟಿನ ಒಂದು ದೊಡ್ಡ ಸಂಖ್ಯೆಯನ್ನು ಇಂಟೆಲ್‌ನಲ್ಲಿ ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ರಿಜಿಸ್ಟರ್‌ಗೆ ಹಾಕಬಹುದು. 10 ಬೈಟ್ ಆಗುತ್ತದೆ, ಆಗಲಿ. ಆರ್ಮ್‌ನಲ್ಲಿ ಇನ್‌ಸ್ಟ್ರಕ್ಷನ್ ಇರುವುದೇ 4 ಬೈಟು. ಅದರೊಳಗೆ 8 ಬೈಟಿನ ಸಂಖ್ಯೆ ಹಿಡಿಸುವುದು ಹೇಗೆ? 16 ಬಿಟ್ಟಿನ ತುಂಡು ಮಾಡಿ ನಾಲ್ಕು ಸಲ ಹಾಕಬೇಕು. ಅಥವಾ ಸಂಖ್ಯೆಗಳನ್ನೆಲ್ಲ ಕೋಡಿನ ಕೊನೆಯಲ್ಲಿ ಒಂದು ಕಡೆ ಇಟ್ಟು ಅಲ್ಲಿಂದ ಓದಿಕೊಳ್ಳಬೇಕು. ಆ ಗೋದಾಮು 1 ಎಂಬಿಗಿಂತ ದೂರ ಇರಬಾರದು. ನಮ್ಮ ಫಾರ್ಮುಲಾಗಳು ಪುಟ್ಟವು, ಹಾಗಾಗಿ ಗೋದಾಮೇ ಸರಿಹೋಯಿತು.

ಬಿಟ್‌ಗಳ 'ಮತ್ತು', 'ಅಥವಾ' ಲೆಕ್ಕಕ್ಕೆ ಆರ್ಮ್‌ನಲ್ಲಿ ಒಂದು ವಿಚಿತ್ರ ನಿಯಮ ಇದೆ. ನನಗೆ ಇಡೀ ಪ್ರಾಜೆಕ್ಟಿನಲ್ಲಿ ಇದೇ ಬಹಳ ಇಷ್ಟವಾದದ್ದು. ಇನ್‌ಸ್ಟ್ರಕ್ಷನ್ ಒಳಗೇ ಸಂಖ್ಯೆ ಬರೆಯಲು ಸಿಗುವುದು 13 ಬಿಟ್ಟು ಮಾತ್ರ. ಆ 13 ಬಿಟ್ಟನ್ನು ಸಂಖ್ಯೆಯಾಗಿ ಓದುವುದಿಲ್ಲ. ಒಂದುಗಳ ಒಂದು ಸಾಲು, ಅದನ್ನು ಎಷ್ಟು ತಿರುಗಿಸಬೇಕು, ಎಷ್ಟು ಬಿಟ್ಟಿಗೊಮ್ಮೆ ಮತ್ತೆ ಮತ್ತೆ ಬರಬೇಕು ಅಂತ ಓದುತ್ತದೆ. ರಂಗೋಲಿಯ ಚುಕ್ಕಿ ಲೆಕ್ಕದ ಹಾಗೆ. ಇದರಿಂದ 64 ಬಿಟ್ಟಿನಲ್ಲಿ 5334 ಸಂಖ್ಯೆಗಳನ್ನು ಬರೆಯಬಹುದು. 6 ಆಗುತ್ತದೆ, ಯಾಕೆಂದರೆ ಬಿಟ್‌ಗಳಲ್ಲಿ ಅದು 110, ಒಂದುಗಳು ಅಕ್ಕಪಕ್ಕ ಇವೆ. 5 ಆಗುವುದಿಲ್ಲ, ಅದು 101, ನಡುವೆ ಸೊನ್ನೆ ಬಂತು. ಸೊನ್ನೆಯೂ ಆಗುವುದಿಲ್ಲ. ಸಂಖ್ಯೆಯನ್ನು ಈ ರೂಪಕ್ಕೆ ತಿರುಗಿಸುವ ಎನ್‌ಕೋಡರ್ ಬರೆಯಲು ನನಗೆ ಎರಡು ದಿನ ಹಿಡಿಯಿತು. ಮೊದಲ ದಿನ ಪೂರ್ತಿ ಬೈದುಕೊಂಡೆ.

31ನೇ ರಿಜಿಸ್ಟರ್‌ನ ವಿಷಯವನ್ನೂ ಹೇಳಿಬಿಡುತ್ತೇನೆ. ಆರ್ಮ್64ನಲ್ಲಿ ಎಕ್ಸ್0ಯಿಂದ ಎಕ್ಸ್30ರವರೆಗೆ 31 ರಿಜಿಸ್ಟರ್‌ಗಳು. ಬಿಟ್‌ಗಳಲ್ಲಿ 31 ಅಂತ ಬರೆದರೆ ಕೆಲವು ಇನ್‌ಸ್ಟ್ರಕ್ಷನ್‌ಗಳು ಅದನ್ನು ಸ್ಟ್ಯಾಕ್ ಪಾಯಿಂಟರ್ (ಸ್ಟ್ಯಾಕ್ ಅನ್ನುವ ತಾತ್ಕಾಲಿಕ ಮೆಮೊರಿಯ ವಿಳಾಸ) ಅಂತ ಓದುತ್ತವೆ, ಇನ್ನು ಕೆಲವು ಯಾವಾಗಲೂ ಸೊನ್ನೆ ಅಂತ ಓದುತ್ತವೆ. ನಕಲು ಮಾಡುವುದಕ್ಕೆ ನಾನು ಬಳಸಿದ್ದು 'ಅಥವಾ' ಇನ್‌ಸ್ಟ್ರಕ್ಷನ್. ಅದರಲ್ಲಿ 31 ಅಂದರೆ ಸೊನ್ನೆ. ಹಾಗಾಗಿ ಸ್ಟ್ಯಾಕ್ ಪಾಯಿಂಟರನ್ನು ಎಕ್ಸ್29ಕ್ಕೆ ನಕಲು ಮಾಡಿದೆ ಅಂದುಕೊಂಡರೆ ಅಲ್ಲಿ ಸೊನ್ನೆ ಬಂದು ಕೂತಿತ್ತು. ಸ್ಟ್ಯಾಕ್ ಪಾಯಿಂಟರ್ ನಕಲು ಮಾಡಲು 'ಸೊನ್ನೆ ಕೂಡು' ಅನ್ನುವ ಇನ್ನೊಂದು ಇನ್‌ಸ್ಟ್ರಕ್ಷನ್ ಬಳಸಬೇಕು. ಇನ್‌ಸ್ಟ್ರಕ್ಷನ್‌ಗಳ ಹೆಸರು ಬರೆದರೆ ಬೈಟ್ ಮಾಡಿಕೊಡುವ ಅಸೆಂಬ್ಲರ್ ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅದೇ ಸರಿಯಾದದ್ದನ್ನು ಆರಿಸಿಕೊಳ್ಳುತ್ತದೆ. ಕೈಯಾರೆ ಬೈಟ್ ಬರೆಯುವವರ ಪಾಡು ಬೇರೆ.

ಇಷ್ಟೆಲ್ಲ ಆಗಿ ಒಂದು ಶುಕ್ರವಾರ ಕ್ಯೂಇಎಂಯು ಮೇಲೆ ಎಲ್ಲ ಟೆಸ್ಟ್‌ಗಳೂ ಪಾಸಾದವು. ನನ್ನ ಇಂಟೆಲ್ ಲ್ಯಾಪ್‌ಟಾಪಿನಲ್ಲೇ ಆರ್ಮ್ ಪ್ರೋಗ್ರಾಮ್ ಓಡಿಸಿ ತೋರಿಸುವ ಸಾಧನ ಅದು. ಸೋಮವಾರ ಅದೇ ಪ್ರೋಗ್ರಾಮನ್ನು ನಿಜವಾದ ಪೈ ಮೇಲೆ ಹಾಕಿದೆ. ಒಮ್ಮೆ ಸರಿ ಉತ್ತರ. ಒಮ್ಮೆ ತಪ್ಪು ಉತ್ತರ. ಒಮ್ಮೆ 'ಗೊತ್ತಿಲ್ಲದ ಇನ್‌ಸ್ಟ್ರಕ್ಷನ್' ಅಂತ ಹೇಳಿ ಸತ್ತೇಹೋಯಿತು. ಏನಾಗುತ್ತಿದೆ ನೋಡೋಣ ಅಂತ ನಡುವೆ ಒಂದು ಪ್ರಿಂಟ್ ಸಾಲು ಹಾಕಿದೆ. ಎಲ್ಲವೂ ಸರಿಹೋಯಿತು. ತೆಗೆದೆ. ಮತ್ತೆ ಕೆಟ್ಟಿತು. ಬಗ್ ಹುಡುಕುವ ಸಾಧನವಾದ ಜಿಡಿಬಿ ಒಳಗೆ ಓಡಿಸಿದರೆ ಬಂಗಾರದಂಥ ನಡವಳಿಕೆ. ಮೇಷ್ಟ್ರು ಬಂದ ತಕ್ಷಣ ಕೈಕಟ್ಟಿ ಕೂರುವ ಹುಡುಗರ ಹಾಗೆ.

ಮೂರು ದಿನ ನನ್ನ ಎನ್‌ಕೋಡರನ್ನೇ ಅನುಮಾನಿಸಿದೆ. ಬರೆದ ಬೈಟ್‌ಗಳನ್ನು ಫೈಲಿಗೆ ಇಳಿಸಿ, ಬೈಟ್‌ಗಳನ್ನು ಇನ್‌ಸ್ಟ್ರಕ್ಷನ್‌ಗಳಾಗಿ ತೋರಿಸುವ ಆಬ್ಜ್‌ಡಂಪ್‌ನಲ್ಲಿ ಒಂದೊಂದೇ ಸಾಲು ಓದಿದೆ. ಎಲ್ಲವೂ ಸರಿ ಇತ್ತು. ಬೈಟ್‌ಗಳು ಸರಿ, ಉತ್ತರ ತಪ್ಪು.

ನಮ್ಮಲ್ಲಿ ಧಾರವಾಡ ಕಡೆಯ ಒಬ್ಬ ಹುಡುಗ ಹೊಸದಾಗಿ ಸೇರಿದ್ದ. ಟೆಸ್ಟ್‌ಗಳ ಉತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಕೂತಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಹತ್ತಿರ ಬಂದ. 'ಮೇಡಂ, ಇದು ತಪ್ಪು ಉತ್ತರ ಅಲ್ರೀ. ಹಿಂದಿನ ಫಾರ್ಮುಲಾದ ಸರಿ ಉತ್ತರ ಐತಿ ನೋಡ್ರಿ' ಅಂದ. ಹಾಳೆ ನೋಡಿದೆ. ಹೌದು. 15ನೇ ಟೆಸ್ಟಿಗೆ ಬಂದಿದ್ದದ್ದು 14ನೇ ಟೆಸ್ಟಿನ ಉತ್ತರ.

ಅಲ್ಲಿಗೆ ಎಲ್ಲ ಗೊತ್ತಾಯಿತು. ಕೋಡ್ ಬರೆಯುವ ಮೆಮೊರಿಯನ್ನು ನಾನು ಮತ್ತೆ ಮತ್ತೆ ಬಳಸುತ್ತಿದ್ದೆ. ಹಳೆಯ ಫಾರ್ಮುಲಾದ ಮೇಲೇ ಹೊಸದನ್ನು ಬರೆಯುವುದು. ಪ್ರೊಸೆಸರ್ ಒಳಗೆ ಡೇಟಾಗೆ ಒಂದು ಕ್ಯಾಶ್ (ವೇಗದ ಸಣ್ಣ ಮೆಮೊರಿ), ಇನ್‌ಸ್ಟ್ರಕ್ಷನ್‌ಗಳಿಗೆ ಇನ್ನೊಂದು ಕ್ಯಾಶ್ ಇರುತ್ತದೆ. ನಾನು ಬರೆದದ್ದು ಡೇಟಾ ಕ್ಯಾಶಿನಲ್ಲಿ ಕೂತಿದೆ. ಪ್ರೊಸೆಸರ್ ಓಡಿಸಲು ಓದುತ್ತಿರುವುದು ಇನ್‌ಸ್ಟ್ರಕ್ಷನ್ ಕ್ಯಾಶಿನಿಂದ. ಅಲ್ಲಿ ಇನ್ನೂ ಹಳೆಯ ಫಾರ್ಮುಲಾವೇ ಇದೆ. ಇಂಟೆಲ್‌ನಲ್ಲಿ ಇವೆರಡನ್ನೂ ಹೊಂದಿಸುವ ಕೆಲಸ ಹಾರ್ಡ್‌ವೇರ್ ತಾನೇ ಮಾಡಿಕೊಳ್ಳುತ್ತದೆ. ಆರ್ಮ್‌ನಲ್ಲಿ ಅದು ಕೋಡ್ ಬರೆದವರ ಜವಾಬ್ದಾರಿ. ಡೇಟಾ ಕ್ಯಾಶಿನಲ್ಲಿ ಇರುವುದನ್ನು ಹೊರಗೆ ತಳ್ಳು, ಅದು ಮುಗಿಯುವವರೆಗೂ ಕಾಯಿ, ಇನ್‌ಸ್ಟ್ರಕ್ಷನ್ ಕ್ಯಾಶಿನಲ್ಲಿ ಇರುವುದನ್ನು ರದ್ದು ಮಾಡು, ಮತ್ತೆ ಕಾಯಿ, ಈಗಾಗಲೇ ಓದಿಟ್ಟುಕೊಂಡಿದ್ದರೆ ಬಿಸಾಕು. ಇಷ್ಟನ್ನೂ ಹೇಳಬೇಕು. ಜಿಸಿಸಿ ಕಂಪೈಲರ್‌ನಲ್ಲಿ ಇದಕ್ಕೆ ಒಂದೇ ಬಿಲ್ಟ್‌ಇನ್ ಕರೆ ಇದೆ, 'ಕ್ಲಿಯರ್ ಕ್ಯಾಶ್' ಅಂತ. ಇಂಟೆಲ್‌ನಲ್ಲಿ ಆ ಕರೆ ಹಾಕಿದರೆ ಏನೂ ಆಗುವುದಿಲ್ಲ, ಖಾಲಿ. ಹಾಗಾಗಿ ನಾನು ಅದನ್ನು ಯಾವತ್ತೂ ಹಾಕಿರಲಿಲ್ಲ.

ಒಂದು ಸಾಲು ಸೇರಿಸಿದೆ. ಎಲ್ಲವೂ ಪಾಸ್. ಹುಡುಗನಿಗೆ ಮಸಾಲೆ ದೋಸೆ ಕೊಡಿಸಿದೆ.

ಕ್ಯೂಇಎಂಯು ಮೇಲೆ ಯಾಕೆ ಸಿಕ್ಕಿಬೀಳಲಿಲ್ಲ? ಯಾಕೆಂದರೆ ಕ್ಯೂಇಎಂಯು ಕೂಡ ಒಂದು ಜಿಟ್. ಆರ್ಮ್‌ನ ಇನ್‌ಸ್ಟ್ರಕ್ಷನ್‌ಗಳನ್ನು ಓದಿ ಇಂಟೆಲ್‌ಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಮೂಲದ ಮೇಲೆ ಯಾರಾದರೂ ಹೊಸದಾಗಿ ಬರೆದರೆ ಅದು ಗಮನಿಸಿ, ಹಳೆಯ ಅನುವಾದ ಎಸೆದು ಮತ್ತೆ ಮಾಡುತ್ತದೆ. ಅಂದರೆ ನಿಜವಾದ ಆರ್ಮ್‌ಗಿಂತ ಅದು ಜಾಸ್ತಿ ಒಳ್ಳೆಯವನು. ನಾನು ಮರೆತದ್ದನ್ನು ಅದು ನನ್ನ ಪರವಾಗಿ ನೆನಪಿಟ್ಟುಕೊಂಡಿತ್ತು. ಆವತ್ತಿನಿಂದ ನಿಜವಾದ ಬೋರ್ಡಿನ ಮೇಲೆ ಓಡಿಸದೆ ಯಾವುದನ್ನೂ 'ಆಯಿತು' ಅಂತ ಹೇಳಿಲ್ಲ.

ಈಗ ಆ ಭಾಗಾಕಾರಕ್ಕೆ ಬರೋಣ.

ಮೀಟರ್‌ಗಳಿಂದ ಬರುವ ಸಂಖ್ಯೆಗಳು 16 ಬಿಟ್ಟಿನ ಪೂರ್ಣಾಂಕಗಳು. ದಶಮಾಂಶ ಬೇಕಿದ್ದರೆ ಹತ್ತರಿಂದಲೋ ನೂರರಿಂದಲೋ ಗುಣಿಸಿ ಕಳಿಸುತ್ತವೆ. ನಮ್ಮ ಲೆಕ್ಕವೂ ಹೆಚ್ಚಾಗಿ ಪೂರ್ಣಾಂಕದಲ್ಲೇ. ಪಂಪ್ ನಿಂತಾಗ ವಿದ್ಯುತ್ ಸೊನ್ನೆ. ಹರಿವನ್ನು ಅದರಿಂದ ಭಾಗಿಸಿದರೆ? ಇಂಟೆಲ್ ಬೊಬ್ಬೆ ಹೊಡೆಯುತ್ತದೆ. ಲಿನಕ್ಸ್ ಅದನ್ನು ಒಂದು ಸಿಗ್ನಲ್ ಆಗಿ ನಮ್ಮ ಪ್ರೋಗ್ರಾಮಿಗೆ ಕಳಿಸುತ್ತದೆ. 2021ರಲ್ಲಿ ನಾನೊಂದು ಜಾಣತನ ಮಾಡಿದ್ದೆ. ಭಾಗಿಸುವ ಮೊದಲು ಸೊನ್ನೆಯಾ ಅಂತ ಪರೀಕ್ಷೆ ಮಾಡುವುದು ಬೇಡ, ಸಮಯ ಹಾಳು. ಸಿಗ್ನಲ್ ಬಂದರೆ ಹಿಡಿದು, ಯಾವ ಫಾರ್ಮುಲಾದಲ್ಲಿ ಬಂತು ನೋಡಿ, ಉತ್ತರದ ಜಾಗದಲ್ಲಿ 'ಅಳತೆ ಇಲ್ಲ' ಅಂತ ಬರೆದುಬಿಡೋಣ. ಇದನ್ನು ಗೆಳೆಯರಿಗೆಲ್ಲ ತೋರಿಸಿ ಹೊಗಳಿಸಿಕೊಂಡಿದ್ದೆ.

ಆರ್ಮ್‌ನಲ್ಲಿ ಬೊಬ್ಬೆಯೇ ಇಲ್ಲ. ಸೊನ್ನೆಯಿಂದ ಭಾಗಿಸಿದರೆ ಉತ್ತರ ಸೊನ್ನೆ, ಮುಂದಿನ ಸಾಲಿಗೆ ಹೋಗು. ಸಿಗ್ನಲ್ ಹಿಡಿಯುವ ನನ್ನ ಜಾಣ ಕೋಡು ಸುಮ್ಮನೆ ಬಾಗಿಲು ಕಾಯುತ್ತ ಕೂತಿತ್ತು, ಯಾರೂ ಬರಲೇ ಇಲ್ಲ. ಪ್ರಯೋಗಕ್ಕೆ ಅಂತ ಒಂದು ಪಂಪ್‌ಹೌಸ್‌ನಲ್ಲಿ ಆರ್ಮ್ ಪೆಟ್ಟಿಗೆ ಇಟ್ಟಿದ್ದೆವು. ರಾತ್ರಿ ಪಂಪ್ ನಿಂತಾಗ 'ಅಳತೆ ಇಲ್ಲ' ಅಂತ ಬರಬೇಕಾದ ಕಡೆ 'ದಕ್ಷತೆ ಸೊನ್ನೆ' ಅಂತ ಬಂತು. ದಿನದ ಸರಾಸರಿಯಲ್ಲಿ ಆ ಸೊನ್ನೆಗಳೆಲ್ಲ ಸೇರಿಕೊಂಡವು. ಒಳ್ಳೆಯ ಪಂಪು ಕಾಗದದ ಮೇಲೆ ಹಾಳಾದ ಪಂಪಾಯಿತು. ಅಲ್ಲಿನ ಎಂಜಿನಿಯರ್ ಫೋನ್ ಮಾಡಿ, 'ಮೇಡಂ, ನಿಮ್ಮ ಹೊಸ ಪೆಟ್ಟಿಗೆ ಬಂದ ಮೇಲೆ ನಮ್ಮ ಪಂಪ್ ಕೆಟ್ಟುಹೋಯ್ತಲ್ಲ' ಅಂದರು. ತಮಾಷೆಗೆ ಹೇಳಿದ್ದೋ ಸಿಟ್ಟಿಗೆ ಹೇಳಿದ್ದೋ ಇವತ್ತಿಗೂ ತಿಳಿದಿಲ್ಲ.

ಸೊನ್ನೆಯಿಂದ ಭಾಗಿಸಿದರೆ ಏನಾಗಬೇಕು ಅಂತ ನನ್ನ ಫಾರ್ಮುಲಾ ಭಾಷೆಯಲ್ಲಿ ನಾನು ಎಲ್ಲೂ ಹೇಳಿರಲಿಲ್ಲ. ಇಂಟೆಲ್ ಹೇಳಿದ್ದನ್ನೇ ನನ್ನ ಭಾಷೆಯ ನಿಯಮ ಅಂದುಕೊಂಡಿದ್ದೆ. ಬಲ್ಲವರು ಹೀಗೆ ಮಾಡುವುದಿಲ್ಲ. ಜಾವಾದಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಯಾವ ಪ್ರೊಸೆಸರ್ ಆದರೂ ಎಕ್ಸೆಪ್ಶನ್, ಅಂದರೆ ದೋಷದ ಸೂಚನೆ, ಬರಲೇಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಪುಟ್ಟ ಪ್ರೋಗ್ರಾಮ್‌ಗಳನ್ನು ಓಡಿಸುವ ಇಬಿಪಿಎಫ್‌ಗೂ ಒಂದೊಂದು ಪ್ರೊಸೆಸರ್‌ಗೆ ಒಂದೊಂದು ಜಿಟ್ ಇದೆ. ಅಲ್ಲಿ ಸೊನ್ನೆಯಿಂದ ಭಾಗಿಸಿದರೆ ಉತ್ತರ ಸೊನ್ನೆ ಅಂತ ಬರೆದೇಬಿಟ್ಟಿದ್ದಾರೆ. ಯಾವ ಉತ್ತರ ಅನ್ನುವುದಕ್ಕಿಂತ ಎಲ್ಲ ಕಡೆ ಅದೇ ಉತ್ತರ ಬರುವುದು ಮುಖ್ಯ. ಈಗ ನನ್ನ ಐಆರ್‌ನಲ್ಲೂ ಭಾಗಾಕಾರದ ಮುಂದೆ ಪರೀಕ್ಷೆ ಇದೆ, ಎಲ್ಲ ಪ್ರೊಸೆಸರ್‌ಗೂ. ನಾನು ಅಷ್ಟು ಹೆದರಿದ್ದ ಆ ಪರೀಕ್ಷೆಯಿಂದ ಎಷ್ಟು ನಿಧಾನವಾಯಿತು ಅಂತ ಅಳೆದು ನೋಡಿದೆ. ವ್ಯತ್ಯಾಸವೇ ಕಾಣಲಿಲ್ಲ. ಭಾಗಾಕಾರವೇ ನಿಧಾನದ ಕೆಲಸ, ಅದರ ಪಕ್ಕದಲ್ಲಿ ಒಂದು ಹೋಲಿಕೆ ಯಾವ ಲೆಕ್ಕ.

ಇದೇ ಜಾತಿಯ ಇನ್ನೊಂದು ಬಗ್ ದಶಮಾಂಶವನ್ನು ಪೂರ್ಣಾಂಕಕ್ಕೆ ತಿರುಗಿಸುವಾಗ ಸಿಕ್ಕಿತು. ಸಂಖ್ಯೆ ಹಿಡಿಸದಷ್ಟು ದೊಡ್ಡದಾದರೆ ಇಂಟೆಲ್ ಎಲ್ಲಕ್ಕಿಂತ ಚಿಕ್ಕ ಋಣಸಂಖ್ಯೆ ಕೊಡುತ್ತದೆ. ಆರ್ಮ್ ಹಿಡಿಸುವಷ್ಟರಲ್ಲಿ ದೊಡ್ಡದನ್ನು ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನ ನಿಯಮ ಈ ಎರಡಕ್ಕಿಂತಲೂ ಬೇರೆ. ಆ ಒಂದು ಭಾಷೆಗೋಸ್ಕರ ಆರ್ಮ್‌ನವರು 8.3 ಆವೃತ್ತಿಯಲ್ಲಿ ಒಂದು ಹೊಸ ಇನ್‌ಸ್ಟ್ರಕ್ಷನನ್ನೇ ಸೇರಿಸಿದರು. ಭಾಷೆ ದೊಡ್ಡದಾದರೆ ಸಿಲಿಕಾನೂ ಬಗ್ಗುತ್ತದೆ. ನಮ್ಮ ಪಂಪ್ ಫಾರ್ಮುಲಾಗೆ ಯಾರು ಬಗ್ಗುತ್ತಾರೆ.

ಮ್ಯಾಕ್ ಕಥೆ ಚಿಕ್ಕದು. ಅದೂ ಆರ್ಮ್64, ಪೈ ಕೂಡ ಆರ್ಮ್64, ಹಾಗಾಗಿ ಒಂದೇ ಕೋಡು ಸಾಕು ಅಂದುಕೊಂಡೆ. ಮೊದಲನೆಯದಾಗಿ ಪೇಜ್ ಅಳತೆ, ಅಂದರೆ ಮೆಮೊರಿ ಹಂಚುವ ತುಂಡಿನ ಅಳತೆ, 4096 ಬೈಟ್ ಅಂತ ಕೈಯಾರೆ ಬರೆದಿದ್ದೆ, ಮ್ಯಾಕ್‌ನಲ್ಲಿ ಅದು 16 ಕೆಬಿ. ಎರಡನೆಯದಾಗಿ, ಒಂದೇ ಮೆಮೊರಿಯಲ್ಲಿ ಬರೆಯುವುದು ಮತ್ತು ಓಡಿಸುವುದು ಎರಡನ್ನೂ ಮ್ಯಾಕ್ ಒಟ್ಟಿಗೆ ಬಿಡುವುದಿಲ್ಲ. ಮೆಮೊರಿ ಕೇಳುವಾಗಲೇ ಇದು ಜಿಟ್‌ಗೆ ಅಂತ ಹೇಳಿರಬೇಕು. ಆಮೇಲೆ ಪ್ರತಿ ಥ್ರೆಡ್ಡೂ 'ಈಗ ಬರೆಯುತ್ತೇನೆ', 'ಈಗ ಓಡಿಸುತ್ತೇನೆ' ಅಂತ ಸ್ವಿಚ್ ಹಾಕಿಕೊಳ್ಳಬೇಕು. ಇದೆಲ್ಲ ಓದಿ ಮಾಡಿದೆ. ಆದರೂ ಲಾಗ್‌ನಲ್ಲಿ ಮಾತ್ರ ಅರ್ಥವಿಲ್ಲದ ಸಂಖ್ಯೆಗಳು. ಲೆಕ್ಕ ಸರಿ, ಅಚ್ಚಾಗುವುದು ತಪ್ಪು. ಅಚ್ಚು ಹಾಕುವ ಪ್ರಿಂಟ್‌ಎಫ್‌ನಂಥ, ಎಷ್ಟು ಬೇಕಾದರೂ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕಳಿಸುವ ಬೆಲೆ) ತೆಗೆದುಕೊಳ್ಳುವ ಫಂಕ್ಷನ್‌ಗಳಿಗೆ ಲಿನಕ್ಸ್‌ನ ಆರ್ಮ್‌ನಲ್ಲಿ ಅವನ್ನು ರಿಜಿಸ್ಟರ್‌ಗಳಲ್ಲಿ ಕಳಿಸಬೇಕು. ಮ್ಯಾಕ್‌ನಲ್ಲಿ ಆ ಹೆಚ್ಚುವರಿ ಆರ್ಗ್ಯುಮೆಂಟ್‌ಗಳು ಸ್ಟ್ಯಾಕ್ ಮೇಲೆ ಇರಬೇಕು. ಆಪಲ್‌ನ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ, ನಾನೇ ಓದಿರಲಿಲ್ಲ. ಜಿಟ್ ಕೋಡಿನಿಂದ ಅಂಥ ಫಂಕ್ಷನ್ ಕರೆಯುವುದನ್ನೇ ಬಿಟ್ಟೆ. ಗಟ್ಟಿಯಾಗಿ ಎರಡೇ ಆರ್ಗ್ಯುಮೆಂಟ್ ಇರುವ ಒಂದು ಸಿ ಫಂಕ್ಷನ್ ನಡುವೆ ಇಟ್ಟೆ.

ರಿಸ್ಕ್-ಫೈವ್ ಮಾತ್ರ ಯಾರೂ ಕೇಳದೆ ಮಾಡಿದ್ದು. ರಿಸ್ಕ್-ಫೈವ್ ಜಾತಿಯದೇ ಆದ, ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ಬಗ್ಗೆ ಓದಿದಾಗಿನಿಂದ ಒಂದು ಆಸೆ ಇತ್ತು. ಬೋರ್ಡು ತರಿಸಿದೆ. ಆರು ದಿನಕ್ಕೆ ಮುಗಿಯಿತು. ನಿಜ, ಆರೇ ದಿನ. ಐಆರ್ ಕಿತ್ತು ಕಟ್ಟಿದ ಆ ಒಂದು ತಿಂಗಳು ಇಲ್ಲಿ ಬಡ್ಡಿ ಸಮೇತ ವಾಪಸ್ ಬಂತು. ಕಾಟ ಕೊಟ್ಟದ್ದು ಎರಡೇ. ಅದರ ಷರತ್ತಿನ ಜಿಗಿತ 4 ಕೆಬಿಗಿಂತ ದೂರ ಹೋಗುವುದಿಲ್ಲ. ದೂರ ಹೋಗಬೇಕಿದ್ದರೆ ಷರತ್ತನ್ನು ತಿರುಗಿಸಿ, ಒಂದು ಉದ್ದ ಜಿಗಿತದ ಮೇಲಿಂದ ಹಾರಬೇಕು. ಇನ್ನೊಂದು, ಸಂಖ್ಯೆ ಕಟ್ಟುವ ರೀತಿ. ಮೇಲಿನ 20 ಬಿಟ್ಟು ಒಂದು ಸಲ, ಕೆಳಗಿನ 12 ಬಿಟ್ಟು ಇನ್ನೊಂದು ಸಲ. ಆದರೆ ಕೆಳಗಿನದಕ್ಕೆ ಧನ-ಋಣ ಇದೆ. ಹಾಗಾಗಿ 2048 ಬೇಕಿದ್ದರೆ 4096 ಇಟ್ಟು ಅದರಿಂದ 2048 ಕಳೆಯಬೇಕು. ದೊಡ್ಡ ನೋಟು ಕೊಟ್ಟು ಚಿಲ್ಲರೆ ವಾಪಸ್ ಇಸಕೊಂಡ ಹಾಗೆ.

ಈಗ ಹಳೆಯ ಇಂಟರ್‌ಪ್ರಿಟರ್ ಮತ್ತೆ ಕೆಲಸಕ್ಕೆ ಬಂದಿದೆ. ನಿಧಾನ, ಆದರೆ ಅದು ಯಾವ ಪ್ರೊಸೆಸರ್‌ನ ಮಾತನ್ನೂ ಕೇಳುವುದಿಲ್ಲ. ಪ್ರತಿ ರಾತ್ರಿ ಒಂದು ಸ್ಕ್ರಿಪ್ಟ್ ಬಾಯಿಗೆ ಬಂದ ಹಾಗೆ ಫಾರ್ಮುಲಾ ಹುಟ್ಟಿಸುತ್ತದೆ. ಸೊನ್ನೆ, ಮೈನಸ್ ಒಂದು, ಅತಿ ದೊಡ್ಡದು, ಅತಿ ಚಿಕ್ಕದು ಇವನ್ನೇ ಬೇಕಂತ ಜಾಸ್ತಿ ಸೇರಿಸುತ್ತದೆ. ನಾಲ್ಕು ಯಂತ್ರದಲ್ಲೂ ಓಡಿಸಿ ಇಂಟರ್‌ಪ್ರಿಟರ್‌ನ ಉತ್ತರದ ಜೊತೆ ಹೋಲಿಸುತ್ತದೆ. ಬೆಳಿಗ್ಗೆ ಬಂದು ನಾನು ಮೊದಲು ನೋಡುವುದು ಆ ಪಟ್ಟಿ.

ಕಳೆದ ವಾರ ಅದರಲ್ಲಿ ಒಂದು ಹೊಸ ಸಾಲು ಬಂತು. ಎರಡು ದಶಮಾಂಶ ಸಂಖ್ಯೆಗಳಲ್ಲಿ ಚಿಕ್ಕದು ಯಾವುದು ಅನ್ನುವ ಲೆಕ್ಕ. ಒಂದು 'ಸಂಖ್ಯೆಯೇ ಅಲ್ಲ' ಅನ್ನುವ ಬೆಲೆಯಾದರೆ, ಅಂದರೆ ಮೀಟರ್ ಕೈಕೊಟ್ಟಿದ್ದರೆ, ಆರ್ಮ್ ಕೂಡ 'ಸಂಖ್ಯೆಯೇ ಅಲ್ಲ' ಅಂತ ಉತ್ತರ ಕೊಡುತ್ತದೆ. ರಿಸ್ಕ್-ಫೈವ್ ಉಳಿದ ಒಳ್ಳೆಯ ಸಂಖ್ಯೆಯನ್ನು ಕೊಡುತ್ತದೆ. ಇಂಟೆಲ್‌ನದು ಎಲ್ಲಕ್ಕಿಂತ ಚೆನ್ನಾಗಿದೆ: ಎರಡನೆಯದು ಯಾವುದೋ ಅದನ್ನೇ ಕೊಡುತ್ತದೆ. ಅಂದರೆ ಫಾರ್ಮುಲಾದಲ್ಲಿ ಪಂಪ್ ಒಂದನ್ನು ಮೊದಲು ಬರೆದರೆ ಒಂದು ಉತ್ತರ, ಪಂಪ್ ಎರಡನ್ನು ಮೊದಲು ಬರೆದರೆ ಇನ್ನೊಂದು. ಇದು ಹೊಸ ಬಗ್ ಅಲ್ಲ. 2021ರಿಂದ ಎಲ್ಲ ಇಂಟೆಲ್ ಪೆಟ್ಟಿಗೆಗಳಲ್ಲೂ ಇದು ಹೀಗೇ ಓಡುತ್ತಿತ್ತು. ಹೋಲಿಸಲು ಪಕ್ಕದಲ್ಲಿ ಇನ್ನೊಂದು ಪ್ರೊಸೆಸರ್ ಇರಲಿಲ್ಲ, ಅಷ್ಟೇ.

ಹಿಂದೆ ಫೋನ್ ಮಾಡಿದ್ದರಲ್ಲ, ಅದೇ ಎಂಜಿನಿಯರ್‌ಗೆ ಈ ಸಲ ನಾನೇ ಫೋನ್ ಮಾಡಿದೆ. 'ಎರಡು ಒತ್ತಡದ ಮೀಟರ್‌ನಲ್ಲಿ ಒಂದು ಕೆಟ್ಟಿದ್ದರೆ ಕಡಿಮೆ ಒತ್ತಡ ಎಷ್ಟು ಅಂತ ತೋರಿಸಬೇಕು ಸರ್?' ಅಂತ ಕೇಳಿದೆ. 'ಕೆಟ್ಟಿದೆ ಅಂತ ತೋರಿಸಿ ಮೇಡಂ, ಇನ್ನೇನು. ಇಲ್ಲದಿದ್ದರೆ ನಮ್ಮವರು ಅದನ್ನು ರಿಪೇರಿನೇ ಮಾಡಿಸಲ್ಲ' ಅಂದರು. ಅವತ್ತು ಸಂಜೆ ಇಂಟೆಲ್ ಮತ್ತು ರಿಸ್ಕ್-ಫೈವ್ ಫೈಲುಗಳನ್ನು ತೆರೆದು ಪರೀಕ್ಷೆ ಸೇರಿಸಿದೆ. ಆರ್ಮ್ ಫೈಲನ್ನು ಮುಟ್ಟಲಿಲ್ಲ.